ಅಪ್ಪನ ಬೆಳ್ಳಿ ಮುಖ

ಹೋದ ವಾರ ಗೋಕಾಕದ ನಮ್ಮ ಮನೆಗೆ ಇಬ್ಬರು ಬಂದಿದ್ದರು. ಒಬ್ಬರಿಗೆ ಹತ್ತಿರ ಹತ್ತಿರ ನನ್ನದೇ ವಯಸ್ಸು, ಇನ್ನೊಬ್ಬ ತರುಣ, ಕೊರಳಲ್ಲಿ ಕ್ಯಾಮೆರಾ. ಹುಕ್ಕೇರಿಯಲ್ಲಿ ಅಪ್ಪನ ಹೆಸರಿನಲ್ಲಿ ಒಂದು ಸಭಾಂಗಣ ಆಗುತ್ತಿದೆಯಂತೆ. ಅದರೊಳಗೆ ಗಾಜಿನ ಕಪಾಟು, ಕಪಾಟಿನೊಳಗೆ ಯುದ್ಧದಲ್ಲಿ ಸತ್ತ ಅಪ್ಪನಿಗೆ ಸರ್ಕಾರ ಕೊಟ್ಟ ಪದಕ. ಕೂಡ್ರಿಸಿ ಚಹಾ ಕೊಟ್ಟೆ. ಕಪ್ಪು ಇನ್ನೂ ಕೈಯಲ್ಲಿರುವಾಗಲೇ ಹಿರಿಯರು ಕೇಳಿದರು:

"ಒರಿಜಿನಲ್ ನಿಮ್ಮ ಕಡೆ ಐತೇನ್ರಿ ಅಕ್ಕಾರ? ಕಳದೈತಿ ಅಂತ ಮಂದಿ ಮಾತಾಡ್ತಾರ."

"ಕಳದಿಲ್ರಿ," ಅಂದೆ.

"ಹಂಗಾರ ಮಾರೀರೇನು?"

ಇಡೀ ಜೀವನ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವಳು ನಾನು. ಸಿಟ್ಟು ಬಂದರೆ ಒಂದರಿಂದ ಹತ್ತರ ತನಕ ಎಣಿಸಿ ಆಮೇಲೆ ಮಾತಾಡಿರಿ ಎಂದು ನೂರಾರು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಅವತ್ತು ನಾನು ಮೂರು ಕೂಡ ದಾಟಲಿಲ್ಲ. ಏನಂದೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಈ ಸಂಗತಿಯನ್ನು ಬರೆಯುವುದು ಬೇಡ, ಮನೆಯ ಮಾತು ಮನೆಯಲ್ಲಿರಲಿ ಎಂದುಕೊಂಡಿದ್ದೆ. ಆದರೆ ನಾವು ಸುಮ್ಮನಿದ್ದಷ್ಟೂ ಮಂದಿ ತಮಗೆ ಬೇಕಾದ್ದನ್ನು ತುಂಬಿಕೊಳ್ಳುತ್ತಾರೆ. ಕಳೆದರು, ಮಾರಿದರು, ಕುಡಿದು ಹಾಳುಮಾಡಿದರು. ನಮ್ಮ ಮನೆಯಲ್ಲಿ ಕುಡಿಯುವ ಗಂಡಸೇ ಇರಲಿಲ್ಲ.

ನಮ್ಮ ಮನೆ ಇದ್ದದ್ದು ಬೆಲ್ಲದ ಬಾಗೇವಾಡಿಯಿಂದ ಮೂರು ಮೈಲು ಒಳಗಿನ ಹಳ್ಳಿಯಲ್ಲಿ. ಕುರಿಯವರ ಮನೆ, ಜೊತೆಗೆ ನಾಲ್ಕು ಎಕರೆ ಹೊಲ. ಬಾಗಿಲು ದಾಟಿದರೆ ಎಡಕ್ಕೆ ದನ ಕಟ್ಟುವ ಜಾಗ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅಡುಗೆಮನೆಯ ಗೋಡೆಗೆ ಹತ್ತಿಕೊಂಡು ದೇವರ ಜಗಲಿ. ಎಲ್ಲ ಕಡೆಗೂ ಒಂದೇ ವಾಸನೆ, ಉಣ್ಣೆಯದು ಮತ್ತು ಹೊಗೆಯದು. ಆ ವಾಸನೆಗೆ ಶಾಲೆಯಲ್ಲಿ ಹುಡುಗಿಯರು ನನ್ನ ಪಕ್ಕ ಕೂಡ್ರುತ್ತಿರಲಿಲ್ಲ, ನಾನೂ ಅವರ ಪಕ್ಕ ಕೂಡ್ರಲು ಹೋಗುತ್ತಿರಲಿಲ್ಲ. ಅಪ್ಪನ ತಮ್ಮ ವಿಠ್ಠಲ ಕಾಕಾ ಸುಗ್ಗಿ ಮುಗಿಯುತ್ತಲೂ ಕುರಿ ಹೊಡೆದುಕೊಂಡು ಹೊರಟುಬಿಡುತ್ತಿದ್ದ, ಮಳೆ ಬಿದ್ದ ಮೇಲೆ ತಿರುಗಿ ಬರುತ್ತಿದ್ದ. ಹೀಗಾಗಿ ವರ್ಷದ ಬಹುಪಾಲು ಮನೆಯಲ್ಲಿ ನಾವು ಮೂವರೇ. ಅಪ್ಪನ ತಾಯಿ, ಅಂದರೆ ನನ್ನ ಆಯಿ. ನನ್ನ ಅವ್ವ. ಮತ್ತು ನಾನು. ಆಯಿ ಪಡಸಾಲೆಯ ಕಂಬಕ್ಕೆ ಒರಗಿ ಇಡೀ ದಿನ ಉಣ್ಣೆ ನೂಲುತ್ತಿದ್ದಳು. ಬೆನ್ನು ಬಾಗಿ ಬಿಲ್ಲಾಗಿತ್ತು, ನಾಲಿಗೆ ಮಾತ್ರ ನೆಟ್ಟಗಿತ್ತು. ಅವ್ವ ಮೂಡಲಗಿಯ ಕಡೆಯವಳು, ರೊಟ್ಟಿಯನ್ನು ತೆಳ್ಳಗೆ ಬಡಿಯುವವಳು. ಆಯಿಗೆ ರೊಟ್ಟಿ ದಪ್ಪ ಇರಬೇಕು, ಹಾಲಲ್ಲಿ ಮುರಿದರೆ ನಿಲ್ಲಬೇಕು. ಅವ್ವ ತಟ್ಟೆಗೆ ರೊಟ್ಟಿ ಹಾಕುವುದಕ್ಕೂ ಆಯಿ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡುವುದಕ್ಕೂ ಸರಿಹೋಗುತ್ತಿತ್ತು.

"ಮೂಡಲಗ್ಯಾಗ ಇದರಾಗ ಹಾಯ್ದು ಆಚೀಕಿನ ಮಂದಿ ಕಾಣ್ತಾರೇನ?"

"ಕಾಣ್ತಾರ್ರಿ ಅತ್ತಿ. ನಿಮ್ಮ ರೊಟ್ಟಿ ಕಡದರ ಹಲ್ಲ ತಿರುಗಿ ಬರಂಗಿಲ್ಲ, ಅಲ್ಲೇ ಉಳಿತಾವು."

ಇಷ್ಟು ಮಾತಾಡಿ ಇಬ್ಬರೂ ಊಟಕ್ಕೆ ಕೂಡ್ರುತ್ತಿದ್ದರು. ಇದು ಜಗಳವಲ್ಲ. ಅವರಿಬ್ಬರ ನಿಜವಾದ ಜಗಳ ಒಂದೇ, ಅದು ಅಪ್ಪ ಸತ್ತ ಮೇಲೆ ಶುರುವಾಯಿತು.

ಅಪ್ಪನ ಹೆಸರು ಲಕ್ಕಪ್ಪ. ಅವನು ಸತ್ತ ಸುದ್ದಿ ತಂತಿಯಲ್ಲಿ ಬಂತು, ನನಗೆ ಅದರ ನೆನಪಿಲ್ಲ. ಕೆಲವು ದಿನಗಳಾದ ಮೇಲೆ ಅಪ್ಪನ ಪಲ್ಟನ್ನಿನ ಒಬ್ಬ ಜವಾನ ಎತ್ತಿನ ಗಾಡಿಯಲ್ಲಿ ಕರೀ ತಗಡಿನ ಟ್ರಂಕು ಇಟ್ಟುಕೊಂಡು ಬಂದದ್ದು ಮಾತ್ರ ಚೆನ್ನಾಗಿ ನೆನಪಿದೆ. ಟ್ರಂಕಿನಲ್ಲಿ ಎರಡು ಜೊತೆ ಸಮವಸ್ತ್ರ, ಕನ್ನಡಿ, ಗಡ್ಡದ ಸಾಮಾನು, ಮಾಸ್ತರರ ಕೈಯಲ್ಲಿ ಅವ್ವ ಬರೆಸಿದ್ದ ಕಾಗದಗಳ ಕಟ್ಟು, ಮತ್ತು ನಮ್ಮ ಮನೆಯಲ್ಲೇ ನೂತು ನೆಯಿಸಿದ ಕಂಬಳಿ. ಆಯಿ ಒಂದೊಂದನ್ನೂ ತೆಗೆದು ನೆಲಕ್ಕಿಟ್ಟಳು. ಟ್ರಂಕಿನ ತಳವನ್ನು ಕೈಯಿಂದ ತಡವಿದಳು.

"ಇವನ ಉಡದಾರ ಎಲ್ಲೈತ್ಯೋ ತಮ್ಮಾ? ಬೆಳ್ಳೀದು. ಹುಟ್ಟಿದಾಗಿಂದ ಸೊಂಟದಾಗಿತ್ತು."

"ಮೈಮೇಲೆ ಏನಿತ್ತೋ ಎಲ್ಲ ಅವರ ಜೊತೆಗೇ ಹೋಯ್ತಮ್ಮಾ. ಅಲ್ಲೇ ಅಗ್ನಿ ಕೊಟ್ಟೆವು."

"ಸುಟ್ರಿ?"

"ಹೌದಮ್ಮಾ," ಅಂದ ಜವಾನ. ಅವನು ಮೈಸೂರು ಕಡೆಯವನು, ಒಳ್ಳೆಯವನಿರಬೇಕು, ನೀರು ಕೂಡ ಕುಡಿಯಲಿಲ್ಲ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಹುಗಿಯುತ್ತೇವೆ. ತಾಯಿ ಬದುಕಿದ್ದರೆ ಮೊದಲ ಹಿಡಿ ಮಣ್ಣು ಅವಳೇ ಹಾಕಬೇಕು. ಯುದ್ಧದ ಹೊತ್ತಿನಲ್ಲಿ ಹೆಣವನ್ನು ನೂರಾರು ಹರದಾರಿ ಸಾಗಿಸುವುದು ಆಗುವ ಮಾತಲ್ಲ, ಈಗ ನನಗದು ತಿಳಿಯುತ್ತದೆ. ಆದರೆ ಆಯಿಗೆ ಅದನ್ನು ಯಾರೂ ಕೂಡ್ರಿಸಿಕೊಂಡು ಹೇಳಲಿಲ್ಲ. ಅವಳ ಮಗ, ಅವಳ ಪದ್ಧತಿ, ಅವಳ ಒಂದು ಹಿಡಿ ಮಣ್ಣು. ಹೀಗೆ ಮಾಡಬೇಕಾಗಿದೆ ತಾಯಿ ಎಂದು ಒಂದು ಸಾಲು ಬರೆಯಲು ಯಾರಿಗೂ ಕೈ ಬರಲಿಲ್ಲ.

ಪದಕ ಬಂದದ್ದು ಆಮೇಲೆ. ಅದನ್ನು ತರಲು ಅವ್ವ ಕಾಕಾನ ಜೊತೆ ದಿಲ್ಲಿಗೆ ಹೋದಳು. ಕಟ್ಟಿಕೊಂಡು ಹೋದ ರೊಟ್ಟಿಯಲ್ಲಿ ಅರ್ಧ ತಿರುಗಿ ತಂದಳು. ದಿಲ್ಲಿ ಹೇಗಿತ್ತು ಎಂದು ಓಣಿಯ ಹೆಂಗಸರು ಕೇಳಿದರೆ "ದೂರ ಐತಿ" ಎಂದಷ್ಟೇ ಹೇಳುತ್ತಿದ್ದಳು. ಪದಕ ಬೆಳ್ಳಿಯದು, ಮೇಲೊಂದು ಬಣ್ಣದ ಪಟ್ಟಿ. ನಮ್ಮೂರಿನವರು ಅದನ್ನು ಬಿಲ್ಲಿ ಎಂದೇ ಕರೆದರು. ಅದರ ಅಂಚಿನಲ್ಲಿ ಸಣ್ಣ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು. ಊರಿನ ಮಾಸ್ತರರು ಅದನ್ನು ಕಿಟಕಿಯ ಹತ್ತಿರ ಹಿಡಿದು, ಇದು ನಿಮ್ಮ ಯಜಮಾನರ ಹೆಸರು ನೋಡ್ರಿ, ಇಲ್ಲಿಂದ ಇಲ್ಲೀ ತನಕ ಎಂದು ತೋರಿಸಿದರು. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಪದ್ಧತಿಯೂ ನಮ್ಮಲ್ಲಿ ಇರಲಿಲ್ಲ. ಅವಳು ಅಪ್ಪನನ್ನು ಅವರು, ನಿಮ್ಮಪ್ಪ ಎನ್ನುತ್ತಿದ್ದಳೇ ಹೊರತು ಹೆಸರು ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಆದರೆ ಮಧ್ಯಾಹ್ನ ಆಯಿ ಕಣ್ಣುಮುಚ್ಚಿದ ಹೊತ್ತಿನಲ್ಲಿ ಟ್ರಂಕು ತೆರೆದು, ಪದಕವನ್ನು ಸೆರಗಿನಲ್ಲಿ ಹಿಡಿದು, ಆ ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಆಡಿಸುತ್ತಿದ್ದಳು. ಮಾಸ್ತರರು ತೋರಿಸಿದ ಕಡೆಯಿಂದ ಶುರುಮಾಡಿ ಅವರು ತೋರಿಸಿದ ಕಡೆಗೆ ನಿಲ್ಲಿಸುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ.

ಈಗ ಜಗಲಿಯ ವಿಷಯ ಹೇಳಬೇಕು. ನಮ್ಮ ಜಗಲಿಯ ಮೇಲೆ ದೇವರ ಪಕ್ಕದಲ್ಲಿ ಮನೆಯ ಹಿರಿಯರೂ ಇರುತ್ತಾರೆ. ಸತ್ತ ಒಬ್ಬೊಬ್ಬರಿಗೂ ಅಂಗೈಯಗಲದ ಬೆಳ್ಳಿ ತಗಡಿನ ಮೇಲೆ ಒತ್ತಿದ ಒಂದು ಮುಖ. ಹಿರೇರು ಎನ್ನುತ್ತೇವೆ. ಮಾನಮಿ ಅಮಾಸೆಯ ದಿನ, ಅಂದರೆ ಮಹಾಲಯ ಅಮಾವಾಸ್ಯೆಗೆ, ಅವರನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಹೊಸ ಕಂಬಳಿಯ ಮೇಲೆ ಸಾಲಾಗಿ ಕೂಡ್ರಿಸಿ, ಹೋಳಿಗೆಯ ಎಡೆ ಇಡಬೇಕು. ಮುಖ ಮಾಡಿಸುವುದಕ್ಕೆ ಒಂದು ಕಟ್ಟಳೆ ಇದೆ. ಬೇರೆ ಯಾರದೋ ಬೆಳ್ಳಿ ನಡೆಯುವುದಿಲ್ಲ. ಸತ್ತವರು ಮೈಮೇಲೆ ಹಾಕಿಕೊಂಡಿದ್ದ ಉಡದಾರವನ್ನೋ ಕಡಗವನ್ನೋ ಕರಗಿಸಿ ಅದರಿಂದಲೇ ಮಾಡಿಸಬೇಕು. ಅಪ್ಪನ ಉಡದಾರ ಅವನೊಂದಿಗೆ ಎಲ್ಲೋ ಸುಟ್ಟುಹೋಗಿತ್ತು. ಹೀಗಾಗಿ ಎರಡು ಮಾನಮಿ ಅಮಾಸೆಗೆ ಆಯಿ ಮುತ್ತ್ಯಾನ, ಅಂದರೆ ಅಪ್ಪನ ಅಪ್ಪನ, ಮುಖದ ಪಕ್ಕದಲ್ಲಿ ಒಂದು ಬರೀ ವೀಳ್ಯದೆಲೆ ಇಟ್ಟಳು, ಅದರ ಮುಂದೆ ಎಡೆ ಇಟ್ಟಳು. ಎಲೆ ಸಂಜೆಯೊಳಗೆ ಬಾಡುತ್ತಿತ್ತು. ಎರಡನೆಯ ವರ್ಷ ಆ ಬಾಡಿದ ಎಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅವ್ವನ ಹತ್ತಿರ ಬಂದಳು.

"ಆ ಬಿಲ್ಲಿ ಬೆಳ್ಳೀದೈತಿ ಅಂತ ಮಾಸ್ತರ ಹೇಳ್ಯಾರ. ಅದನ್ನ ಕೊಡು. ಅವನ ಮುಖ ಮಾಡಸ್ತೀನಿ."

"ಅದೊಂದ ಬ್ಯಾಡ್ರಿ ಅತ್ತಿ. ನನ್ನ ಕಾಲಕಡಗ ತಗೋರಿ, ಬಳಿ ತಗೋರಿ."

"ನಿನ್ನ ಬೆಳ್ಳಿ ನಿನ್ನ ತವರಿಂದು. ಸತ್ತಾವನ ಮುಖಕ್ಕ ಸತ್ತಾವನ ಬೆಳ್ಳೀನ ಬೇಕು. ಹುಗ್ಯಾಕ ಕೊಡಲಿಲ್ಲ. ಮನ್ಯಾಗರ ಕೂಡ್ರಿಸಿಕೊಳ್ಳೂನು. ಎಷ್ಟ ವರ್ಷ ಹೊಸ್ತಿಲದಾಗ ನಿಂದ್ರಸ್ತಿ ಅವನ್ನ?"

"ನೀವು ಹಡದೀರಿ, ಖರೆ. ನಾ ಎಂಟು ವರ್ಷ ಬಾಳೇವು ಮಾಡೇನಿ, ಅದರಾಗ ಅವರು ಮನ್ಯಾಗ ಇದ್ದದ್ದು ಕೂಡಿಸಿದರ ಒಂದು ವರ್ಷ ಆಗಂಗಿಲ್ಲ. ಅದನ್ನ ನನ್ನ ಕೈಯಾಗ ಕೊಟ್ಟಾರ. ನಾ ಕೊಡಂಗಿಲ್ಲ."

ಅವತ್ತಿನಿಂದ ಟ್ರಂಕಿಗೆ ಕೀಲಿ ಬಿತ್ತು. ಕೀಲಿಕೈಯನ್ನು ಅವ್ವ ಅಡುಗೆಮನೆಯ ಗೋಡೆಯ ಮೇಲುಗಡೆ, ತೊಲೆಯ ಕೆಳಗಿನ ಗೂಡಿನಲ್ಲಿ ಇಟ್ಟಳು. ಆ ಗೂಡಿನ ತನಕ ಆಯಿಯ ಬಾಗಿದ ಬೆನ್ನು ಏಳುತ್ತಿರಲಿಲ್ಲ. ಇಟ್ಟದ್ದನ್ನು ನಾನು ನೋಡಿದ್ದೆ.

ಆಗ ನಾನು ಎರಡನೇ ಇಯತ್ತೆ. ಮೂಡಲಗಿಯಲ್ಲಿ ಸೋದರಮಾವನ ಮಗುವಿನ ಹೆಸರಿಡುವ ಕಾರ್ಯ ಬಂತು, ಅವ್ವ ಮೂರು ದಿನಕ್ಕೆಂದು ತವರಿಗೆ ಹೋದಳು. ನನಗೆ ಗಂಟಲು ಬಾತು ಜ್ವರ ಬಂದಿತ್ತು, ಆಯಿಯ ಹತ್ತಿರ ಬಿಟ್ಟಳು. ಮರುದಿನ ಜ್ವರ ಇಳಿಯಿತು. ಆಯಿ ನನಗೆ ಹಾಲಿನಲ್ಲಿ ರೊಟ್ಟಿ ಮುರಿದು ತಿನ್ನಿಸಿ, ತಲೆ ಬಾಚಿ, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ ಕೇಳಿದಳು:

"ನಿಮ್ಮಪ್ಪನ್ನ ಮನಿಗೆ ಕರಕೊಂಡ ಬರೂನೇನ, ಮಾಯವ್ವಾ?"

ಅಪ್ಪನನ್ನು ಕರೆದುಕೊಂಡು ಬರುವುದು ಬೇಡ ಎಂದು ಯಾವ ಮಗು ಹೇಳೀತು. ನಾನೇ ಹಂಡೆ ಡಬ್ಬು ಹಾಕಿದೆ, ನಾನೇ ಅದರ ಮೇಲೆ ಹತ್ತಿದೆ, ಗೂಡಿಗೆ ಕೈ ಹಾಕಿ ಕೀಲಿಕೈ ತೆಗೆದುಕೊಟ್ಟೆ. ಆಯಿ ಪದಕವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಕೈ ಹಿಡಿದು ಸಂಕೇಶ್ವರದ ಬಸ್ಸು ಹತ್ತಿದಳು.

ಸಂಕೇಶ್ವರದ ಪತ್ತಾರ ಮುದುಕ, ನಮ್ಮ ಮನೆಯ ಹಿರಿಯರ ಮುಖಗಳನ್ನೆಲ್ಲ ಮಾಡಿಕೊಟ್ಟವನು. ಪದಕವನ್ನು ತಿರುವಿ ಮುರುವಿ ನೋಡಿ ಕೆಳಗಿಟ್ಟುಬಿಟ್ಟ.

"ಇದು ಸರಕಾರದ್ದ ಐತಲ್ಲ, ಆಯಿ."

"ನನ್ನ ಮಗಂದು. ಸತ್ತು ಗಳಿಸಿದ್ದು."

"ಹೆಸರ ಕೆತ್ಯಾರ ನೋಡು ಇಲ್ಲಿ. ಕರಗಿಸಿದರ ಅಳಿಸಿ ಹೊಕ್ಕೈತಿ."

"ಹೆಸರ ನಾನ ಇಟ್ಟೇನಿ, ನನಗ ಗೊತ್ತೈತಿ. ಮುಖ ಬೇಕು."

ಕಟ್ಟಳೆ ಪತ್ತಾರನಿಗೂ ಗೊತ್ತಿತ್ತು. ಬಣ್ಣದ ಪಟ್ಟಿಯನ್ನು ಬಿಚ್ಚಿ ಆಯಿಯ ಕೈಗೆ ಕೊಟ್ಟು, ಪದಕವನ್ನು ಮೂಸೆಗೆ ಹಾಕಿ ಊದತೊಡಗಿದ. ನಾನು ಅಕ್ಷರ ಇದ್ದ ಅಂಚನ್ನೇ ನೋಡುತ್ತಿದ್ದೆ. ಮೊದಲು ಅದು ಕೆಂಪಾಯಿತು, ಆಮೇಲೆ ಮೂಲೆಗಳೆಲ್ಲ ಹೋಗಿ ಬೆಣ್ಣೆಯ ಹಾಗೆ ಕುಸಿಯಿತು. ಆಗಲೇ ನನಗೆ ಅಳು ಬಂತು, ಹೊಗೆಗೆ ಎಂದು ಆಯಿ ಕಣ್ಣು ಒರೆಸಿದಳು. ಬೆಳ್ಳಿಯನ್ನು ಬಡಿದು ತಗಡು ಮಾಡಿ ಅಚ್ಚಿನ ಮೇಲೆ ಒತ್ತುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಅಚ್ಚಿನಲ್ಲಿದ್ದದ್ದು ರುಮಾಲು ಸುತ್ತಿದ, ಗಿರಿಜಾ ಮೀಸೆಯ ಒಬ್ಬ ದೊಡ್ಡ ಮನುಷ್ಯ.

"ನನ್ನ ಮಗನ ಮೀಸಿ ಇಷ್ಟ ದಪ್ಪ ಇರಲಿಲ್ಲೋ."

"ಎಲ್ಲಾ ಹಿರೇರಿಗೂ ಇದ ಅಚ್ಚು, ಆಯಿ. ಸತ್ತ ಮ್ಯಾಲ ಎಲ್ಲಾರ ಮೀಸಿನೂ ಒಂದ."

ಆಯಿ ಒಪ್ಪಲಿಲ್ಲ. ಸಣ್ಣ ಸುತ್ತಿಗೆಯಿಂದ ಮೀಸೆಯನ್ನು ಎರಡೂ ಕಡೆ ತಟ್ಟಿಸಿ ತಟ್ಟಿಸಿ ಕಡಿಮೆ ಮಾಡಿಸಿದಳು. ಆಮೇಲೆ ಹಿರಣ್ಯಕೇಶಿಗೆ ಇಳಿದು ಆ ಮುಖಕ್ಕೆ ಮೂರು ಸಲ ಹೊಳೆಯ ನೀರು ಹಾಕಿ ನನ್ನ ಕೈಗೆ ಕೊಟ್ಟಳು. ನಾನು ಅಪ್ಪನನ್ನು ನೋಡಿದ್ದು ಎರಡು ಮೂರು ರಜೆಗಳಲ್ಲಿ. ತಲೆಗೂದಲು ಸಣ್ಣಗೆ ಕತ್ತರಿಸಿದ, ಕಿವಿ ಅಗಲದ ಮನುಷ್ಯ, ನನ್ನನ್ನು ಹೆಗಲ ಮೇಲೆ ಹೊತ್ತು ಕುರಿ ಎಣಿಸಲು ಹಚ್ಚುತ್ತಿದ್ದವ. ಕೈಯಲ್ಲಿದ್ದ ಮುಖಕ್ಕೂ ಅವನಿಗೂ ಏನೇನೂ ಸಂಬಂಧ ಇರಲಿಲ್ಲ. ತಪ್ಪು ಮಾಡಿದೆವು ಎಂದು ನನಗೆ ಅಲ್ಲಿಯೇ, ಹೊಳೆಯ ನೀರಿನಲ್ಲಿ ನಿಂತಾಗಲೇ ತಿಳಿಯಿತು.

ಅವ್ವ ಮೂಡಲಗಿಯಿಂದ ಬಂದವಳು ಕೈಕಾಲು ತೊಳೆದು ಜಗಲಿಗೆ ಕೈಮುಗಿಯಲು ಹೋದಳು, ಹೊಸ ಮುಖ ನೋಡಿದಳು. ನೇರ ಟ್ರಂಕಿನ ಹತ್ತಿರ ಬಂದು ಕೀಲಿ ತೆಗೆದಳು. ಆಯಿ ಬಣ್ಣದ ಪಟ್ಟಿಯನ್ನು ಅದು ಇದ್ದ ಜಾಗದಲ್ಲೇ, ಕಂಬಳಿಯ ಮಡಿಕೆಯಲ್ಲಿ, ನೀಟಾಗಿ ಇಟ್ಟಿದ್ದಳು. ಅವ್ವ ಆ ಪಟ್ಟಿಯನ್ನು ಹಿಡಿದು ಪಡಸಾಲೆಯ ನಡುವೆ ನಿಂತಳು.

"ಕೀಲಿಕೈ ಯಾರ ಕೊಟ್ರು?"

ನಾನು ಆಯಿಯ ಕಂಬದ ಹಿಂದೆ ಸರಿದೆ. ಆಯಿ ನೂಲುವುದನ್ನು ನಿಲ್ಲಿಸದೆ ಅಂದಳು:

"ನಾನ ಹುಡಿಕಿ ತಗೊಂಡೆ."

"ಕಳ್ಳತನ ಮಾಡೀರಿ ಅತ್ತಿ. ಅವರ ಹೆಸರ ಇತ್ತು ಅದರಾಗ. ಹೆಸರ ಸುಟ್ಟು ಬಂದೀರಿ. ಯಾರದೋ ಮುಖ ತಂದ ಕೂಡ್ರಿಸಿ ನನ್ನ ಗಂಡ ಅಂತೀರಿ."

"ಅವ ಮನಿಗೆ ಬಂದಾನ," ಅಂದಳು ಆಯಿ. ಅಷ್ಟೇ.

ಅವತ್ತು ನಿಂತ ಮಾತು ಹತ್ತಿರ ಹತ್ತಿರ ಒಂದು ವರ್ಷ ಏಳಲಿಲ್ಲ. ಒಂದೇ ಒಲೆ, ಒಂದೇ ಬಾಗಿಲು, ಇಬ್ಬರ ನಡುವೆ ನಾನು. ನಿಮ್ಮ ಆಯಿಗೆ ಹೇಳು ರೊಟ್ಟಿ ಆಗ್ಯಾವು ಅಂತ. ನಿಮ್ಮವ್ವಗ ಹೇಳು ಎಮ್ಮಿ ಹಗ್ಗ ಹರಕೊಂಡೈತಿ ಅಂತ. ಇಬ್ಬರೂ ನಾಲ್ಕು ಮೊಳ ದೂರದಲ್ಲಿ ಕೂತು ನನ್ನ ಬಾಯಿಂದ ಮಾತಾಡುತ್ತಿದ್ದರು. ರೊಟ್ಟಿ ದಪ್ಪವೋ ತೆಳುವೋ ಎಂಬ ಮಾತು ಕೂಡ ಹೋಯಿತು, ಅದು ಹೋದದ್ದೇ ನನಗೆ ಹೆಚ್ಚು ಹೆದರಿಕೆ. ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು. ನನ್ನ ಮೇಲೆ ಬರುತ್ತಿದ್ದ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯದೆ ಶಾಲೆಯಲ್ಲಿ ಹುಡುಗಿಯರ ಜಡೆ ಹಿಡಿದು ಎಳೆಯುತ್ತಿದ್ದೆ. ಮಕ್ಕಳು ಕಾರಣವಿಲ್ಲದೆ ಹೊಡೆದಾಡುತ್ತವೆ ಎಂದು ಯಾವ ಮಾಸ್ತರರಾದರೂ ಅಂದರೆ ನಾನು ಇವತ್ತಿಗೂ ನಂಬುವುದಿಲ್ಲ.

ವರ್ಷ ತುಂಬುವುದರೊಳಗೆ ಒಂದು ಜೀಪು ಬಂತು, ಕಾಗದವೊಂದನ್ನು ಕೊಟ್ಟುಹೋಯಿತು. ಹುಕ್ಕೇರಿಯಲ್ಲಿ ಅಪ್ಪನ ಅರ್ಧದೇಹದ ಪುತ್ಥಳಿ ನಿಲ್ಲಿಸಿದ್ದಾರೆ, ದೊಡ್ಡವರು ಬಂದು ತೆರೆ ಎಳೆಯುತ್ತಾರೆ, ವೀರನ ಹೆಂಡತಿ ಮತ್ತು ತಾಯಿ ವೇದಿಕೆಯ ಮೇಲೆ ಇರಬೇಕು, ಪದಕವನ್ನು ಹಾಕಿಕೊಂಡೇ ಬರಬೇಕು. ಊರಲ್ಲಿದ್ದ ಕಾಕಾ ಕಾಗದ ಓದಿಸಿಕೊಂಡು ಬೆವತುಬಿಟ್ಟ.

"ಪತ್ತಾರಗ ಹೇಳಿ ಹಂತಾದ ಒಂದ ಮಾಡಸೂನ ವೈನೀ. ದೂರದಿಂದ ಯಾರಿಗೆ ಗೊತ್ತಾಕ್ಕೈತಿ."

"ಸುಳ್ಳ ಬಿಲ್ಲಿ ಹಚಗೊಂಡ ನಾ ನಿಂದ್ರಂಗಿಲ್ಲ," ಅಂದಳು ಅವ್ವ.

ಆಯಿ ಯಾರನ್ನೂ ಕೇಳಲಿಲ್ಲ. ಸಮಾರಂಭದ ದಿನ ಬೆಳಿಗ್ಗೆ ಜಗಲಿಯಿಂದ ಮುಖವನ್ನು ತೆಗೆದು, ಬಿಳಿ ವಸ್ತ್ರದಲ್ಲಿ ಕಟ್ಟಿ, ಮಡಿಲಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದಳು. ಮಗನ ಕಾರ್ಯಕ್ಕೆ ಮಗನನ್ನೇ ಕರೆದುಕೊಂಡು ಹೊರಟಿದ್ದಳು. ಅದರಲ್ಲಿ ಅವಳಿಗೆ ಯಾವ ಸಂಕೋಚವೂ ಇರಲಿಲ್ಲ.

ಮಂಟಪದ ಬಾಯಲ್ಲಿ ಒಬ್ಬ ಸಾಹೇಬ ನಿಂತಿದ್ದ. ಯಾವ ಕಚೇರಿಯವನೋ, ಯಾವ ಊರಿನವನೋ, ನಾವು ಕೇಳಲಿಲ್ಲ. ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಪದಕ ಎಲ್ಲಿ ಎಂದ. ಆಯಿ ಮುಂದೆ ಬಂದು ಗಂಟು ಬಿಚ್ಚಿದಳು. ಮುಖ ಬಿಸಿಲಿಗೆ ಮಿಂಚಿತು.

"ಏನಿದು?"

"ನನ್ನ ಮಗ ರೀ."

"ಪದಕ ಎಲ್ಲಿ ಅಂತ ಕೇಳಿದೆ."

"ಇದರಾಗ ಐತ್ರಿ. ಕರಗಿಸಿ ಮಾಡಸೇನಿ. ನಮ್ಮ ಹಿರೇರ ಸಾಲಿನ್ಯಾಗ ಕೂಡ್ರಿಸೇನಿ."

ಅವನು ಸುತ್ತಲಿನ ನೂರು ಜನಕ್ಕೆ ಕೇಳುವ ಹಾಗೆ ಶುರುಮಾಡಿದ.

"ಕರಗಿಸಿದಿರಾ? ದೇಶ ಕೊಟ್ಟದ್ದನ್ನು ಕರಗಿಸಿದಿರಾ? ನಿಮ್ಮಂಥವರ ಕೈಗೆ ಕೊಟ್ಟದ್ದೇ ತಪ್ಪು. ಕುರಿ ಕಾಯುವ ಜನಕ್ಕೆ ಅದರ ಯೋಗ್ಯತೆ ಏನು ಗೊತ್ತು. ನಿಮ್ಮ ಮೇಲೆ ಕೇಸು ಹಾಕಬೇಕು."

ಕುರಿ ಕಾಯುವ ಜನರ ಮಗ ಗಡಿ ಕಾಯಲು ನಿಂತಾಗ ಯೋಗ್ಯತೆಯ ಮಾತು ಯಾರಿಗೂ ನೆನಪಾಗಿರಲಿಲ್ಲ. ಆಯಿಯ ಕೈಯಿಂದ ವಸ್ತ್ರ ಜಾರಿ ನೆಲಕ್ಕೆ ಬಿತ್ತು. ಇಷ್ಟು ವರ್ಷದಲ್ಲಿ ಅವಳು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವಳು ಮಾಡಿದ್ದು ತಪ್ಪೇ, ಅದನ್ನು ನಾನೇ ಹೇಳುತ್ತಿದ್ದೇನೆ. ಅವಳು ಅನ್ಯಾಯ ಮಾಡಿದ್ದು ನನ್ನ ಅವ್ವನಿಗೆ. ಆ ಸಾಹೇಬನ ಗಂಟು ಅವಳು ಏನೂ ತಿಂದಿರಲಿಲ್ಲ.

ಅವ್ವ ಬಗ್ಗಿ ನೆಲಕ್ಕೆ ಬಿದ್ದ ವಸ್ತ್ರ ಎತ್ತಿದಳು. ಆಯಿಯ ಕೈಯಿಂದ ಮುಖವನ್ನು ತೆಗೆದುಕೊಂಡು ಅದರಲ್ಲಿ ಸುತ್ತಿ ತನ್ನ ಎದೆಗೆ ಹಿಡಿದಳು. ಅದು ಮನೆಗೆ ಬಂದಾಗಿನಿಂದ ಅವಳು ಅದನ್ನು ಮುಟ್ಟಿರಲಿಲ್ಲ.

"ಸಾಹೇಬ್ರ, ಇವರು ನಮ್ಮತ್ತಿ. ಇವರ ಜೋಡಿ ಜಗಳಾಡಾಕ ನಾ ಅದೇನಿ. ನೀವ ಬ್ಯಾಡ್ರಿ."

"ಏನಮ್ಮಾ, ನೀನು…"

"ನಮ್ಮವರನ್ನ ಸುಡೂ ಮುಂದ ನೀವು ನಮ್ಮನ್ನ ಕೇಳಲಿಲ್ಲ. ಬಿಲ್ಲಿ ಸುಡೂ ಮುಂದ ನಾವು ನಿಮ್ಮನ್ನ ಕೇಳಬೇಕಾಗಿತ್ತೇನ್ರಿ?"

ಸಾಹೇಬ ಜೇಬಿನಿಂದ ಪೆನ್ನು ತೆಗೆದ. ಗಂಡನ ಹೆಸರೇನು, ಹೇಳು, ಬರೆದುಕೊಳ್ಳುತ್ತೇನೆ ಎಂದ. ಹಿಂದೆ ಪರದೆಯ ಮೇಲೆ ಅದೇ ಹೆಸರನ್ನು ಮೊಳದುದ್ದ ಅಕ್ಷರಗಳಲ್ಲಿ ಬರೆದಿತ್ತು, ಅದರ ಕೆಳಗೇ ನಿಂತುಕೊಂಡು ಕೇಳಿದ. ಓಣಿಯ ಹೆಂಗಸರು ಎಷ್ಟು ಕಾಡಿದರೂ ಹೇಳದ ಹೆಸರನ್ನು ಅವ್ವ ಅಲ್ಲಿ, ಅಷ್ಟು ಜನರ ನಡುವೆ ಹೇಳಿದಳು.

"ಲಕ್ಕಪ್ಪ. ಬರಕೋರಿ."

ನಮ್ಮನ್ನು ವೇದಿಕೆಗೆ ಕರೆಯಲಿಲ್ಲ. ಹಿಂದೆ, ಬಿಸಿಲಿನಲ್ಲಿ, ಜಮಖಾನೆಯ ತುದಿಯಲ್ಲಿ ಕೂತೆವು. ದೊಡ್ಡವರು ಬಂದರು, ಅಪ್ಪನ ಶೌರ್ಯದ ಬಗ್ಗೆ ಒಂದು ತಾಸು ಮಾತಾಡಿದರು, ತೆರೆ ಎಳೆದರು. ಪುತ್ಥಳಿಗೆ ದಪ್ಪ ಗಿರಿಜಾ ಮೀಸೆ ಇತ್ತು. ಸಂಕೇಶ್ವರದ ಪತ್ತಾರನ ಅಚ್ಚಿಗೂ ಅದಕ್ಕೂ ಏನೂ ಫರಕು ಇರಲಿಲ್ಲ. ಇದು ಯಾರ ಮುಖ ಎಂದು ಅದನ್ನು ಮಾಡಿದವರನ್ನು ಯಾರೂ ಬೈಯಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ತಿರುಗಿ ಬರುವ ಬಸ್ಸಿನಲ್ಲಿ ನಾನು ಎಂದಿನಂತೆ ನಡುವೆ ಕೂತಿದ್ದೆ, ಯಾರಾದರೂ ಏನಾದರೂ ಹೇಳಲು ಕೊಡಬಹುದೆಂದು ಕಾಯುತ್ತಿದ್ದೆ. ಅವ್ವ ನನ್ನನ್ನು ದಾಟಿ ಚೊಂಬು ಚಾಚಿದಳು.

"ಅತ್ತಿ, ನೀರ ಕುಡೀರಿ."

ಆಯಿ ಕುಡಿದಳು.

"ಕದ್ದದ್ದ ಕದ್ದದ್ದ. ಅದನ್ನ ನಾ ಮರಿಯಂಗಿಲ್ಲ," ಅಂದಳು ಅವ್ವ.

"ಮರೀಬ್ಯಾಡ," ಅಂದಳು ಆಯಿ.

ಅವ್ವ ಮರೆಯಲೂ ಇಲ್ಲ. ಎಮ್ಮೆ ಹಾಲು ಕೊಡದಿದ್ದರೂ, ಮಳೆ ತಡವಾದರೂ, ಸುತ್ತಿ ಬಳಸಿ ಪದಕದ ಮಾತು ಬರುತ್ತಿತ್ತು. ಆದರೆ ಮರುದಿನ ಆಯಿ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು, ಆಚೀಕಿನ ಮಂದಿ ಕಾಣ್ತಾರೇನ ಎಂದು ಕೇಳಿದಳು. ನನಗೆ ಎದ್ದು ಕುಣಿಯುವಷ್ಟು ಸಂತೋಷವಾಗಿತ್ತು. ಅದೇ ವಾರ ಅವ್ವ ನನ್ನ ಪಾಟಿ ತೆಗೆದುಕೊಂಡು ಎದುರಿಗೆ ಕೂತಳು. ಬೇರೆ ಅಕ್ಷರ ಬೇಡ, ನಿಮ್ಮಪ್ಪನ ಹೆಸರನ್ನು ಹೇಗೆ ಬರೆಯುವುದು ಅಷ್ಟು ತೋರಿಸು ಎಂದಳು. ನಾನು ಬರೆದುಕೊಟ್ಟೆ, ಅವಳು ಅದರ ಮೇಲೆಯೇ ನೂರು ಸಲ ತಿದ್ದಿದಳು. ನನ್ನ ಮೊದಲ ವಿದ್ಯಾರ್ಥಿನಿ ಅವಳೇ.

ಮುಂದಿನ ಮಾನಮಿ ಅಮಾಸೆಗೆ ಹಿರಿಯರನ್ನು ತೊಳೆಯಲು ಆಯಿ ನನ್ನನ್ನು ಕೂಡ್ರಿಸಿಕೊಂಡಳು. ನಾನು ಹುಣಸೆಹಣ್ಣು ಹಚ್ಚಿ ಅಪ್ಪನ ಮುಖವನ್ನು ತಿರುವಿಹಾಕಿ ಬೆನ್ನು ತಿಕ್ಕಲು ಶುರುಮಾಡಿದ್ದೆ. ಆಯಿ ಕೈ ಹಿಡಿದಳು.

"ಅಲ್ಲೇನ ಗೀರ ಅದಾವು? ನೋಡು."

ಕಂಬಳಿ ಹೊಲಿಯುವ ದಬ್ಬಣದಿಂದ ಗೀರಿದ್ದು. ಡೊಂಕು ಡೊಂಕಾಗಿ, ಒಂದು ಅಕ್ಷರ ಮೇಲೆ ಒಂದು ಅಕ್ಷರ ಕೆಳಗೆ. ಅವ್ವ ಅದನ್ನು ಯಾವಾಗ ಜಗಲಿಯಿಂದ ಇಳಿಸಿದಳೋ, ಯಾವಾಗ ಗೀರಿದಳೋ, ನಮಗೆ ಗೊತ್ತಿರಲಿಲ್ಲ. ಹಿರಿಯರ ಮುಖಕ್ಕೆ ಮೊನೆ ತಾಗಿಸುವುದು ನಮ್ಮಲ್ಲಿ ದೊಡ್ಡ ಅಪಚಾರ. ಆಯಿ ಈಗ ಮನೆ ಮೇಲೆ ಕೆಳಗೆ ಮಾಡುತ್ತಾಳೆ ಎಂದು ಹೆದರಿ ಸಣ್ಣ ದನಿಯಲ್ಲಿ ಓದಿದೆ:

"ಲಕ್ಕಪ್ಪ ಅಂತ ಐತಿ, ಆಯಿ."

ಆಯಿ ಅಡುಗೆಮನೆಯ ಕಡೆ ನೋಡಿದಳು. ಅವ್ವ ಅಲ್ಲಿ ನಮಗೆ ಬೆನ್ನು ಮಾಡಿ ಹೋಳಿಗೆ ಲಟ್ಟಿಸುತ್ತಿದ್ದಳು.

"ಅಲ್ಲಿ ತಿಕ್ಕಬ್ಯಾಡ," ಅಂದಳು ಆಯಿ. "ಸವದೀತು."

ಆಯಿ ಬದುಕಿರುವ ತನಕ ಅಪ್ಪನ ಮುಖ ಮುಂದುಗಡೆ ಬೆಳ್ಳಗಿರುತ್ತಿತ್ತು, ಹಿಂದೆ ಕಪ್ಪಗೆ ಕಿಲುಬು. ಆಮೇಲೆ ಅವ್ವನೂ ಹಾಗೆಯೇ ನಡೆಸಿದಳು. ನನ್ನ ಕೂಡ ಇರಲು ಗೋಕಾಕಕ್ಕೆ ಬರುವಾಗ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬಂದಳು. ಮಗಳ ಮನೆಗೆ ಹಿರಿಯರನ್ನು ಒಯ್ಯುವ ಪದ್ಧತಿ ಇಲ್ಲ, ಆದರೆ ಅವಳಿಗೆ ಅದನ್ನು ಹೇಳುವ ಧೈರ್ಯ ಕಾಕಾನಿಗೆ ಬರಲಿಲ್ಲ. ಅವಳ ಕೊನೆಯ ವರ್ಷ ನಾನೊಮ್ಮೆ ಧೈರ್ಯ ಮಾಡಿ, ಕೀಲಿಕೈ ಆಯಿ ಹುಡುಕಿದ್ದಲ್ಲ, ನಾನು ತೆಗೆದುಕೊಟ್ಟದ್ದು ಎಂದು ಹೇಳಿದೆ. ಐವತ್ತು ವರ್ಷ ನುಂಗಿಕೊಂಡಿದ್ದ ಮಾತು.

"ಗೊತ್ತೈತಿ," ಅಂದಳು ಅವ್ವ. "ನಿಮ್ಮ ಆಯಿ ಕೈ ಆ ಗೂಡಿಗೆ ನಿಲುಕತಿತ್ತೇನ?"

ಹೋದ ವಾರ ಬಂದವರಿಗೆ ಇಷ್ಟೆಲ್ಲ ಹೇಳಲಿಲ್ಲ. ಮಾರಿಲ್ರಿ, ಮಾರುವಂಥ ಮಂದಿ ನಾವಲ್ಲ, ಇನ್ನೊಂದು ಸಲ ಹಂಗ ಕೇಳಬ್ಯಾಡ್ರಿ ಎಂದು ದನಿ ಏರಿಸಿಯೇ ಹೇಳಿದೆ. ಎದ್ದು ಹೋಗಿ ಜಗಲಿಯಿಂದ ಮುಖವನ್ನು ತಂದು ಅವರ ಮುಂದಿಟ್ಟೆ. ಪದಕ ಇದೇ, ಕಪಾಟಿನಲ್ಲಿ ಇಡುವುದಾದರೆ ಇದನ್ನೇ ಇಡಿರಿ, ಯಾಕೆ ಹೀಗಾಯಿತು ಎಂಬುದನ್ನು ಇದ್ದ ಹಾಗೆ ಬರೆದು ಹಚ್ಚಿರಿ ಎಂದೆ. ಬಂದವರಲ್ಲಿ ಹಿರಿಯವರು ತರುಣನ ಮುಖ ನೋಡಿದರು.

"ಅದು ಸರಿ ಕಾಣಂಗಿಲ್ರಿ ಅಕ್ಕಾರ. ನಾವು ನಕಲ ಪದಕ ತರಸ್ತೀವಿ. ಮೂಲ ಪದಕ ಕಳೆದುಹೋಗಿದೆ ಅಂತ ಸಣ್ಣಾಗಿ ಒಂದ ಸಾಲ ಬರಿತೀವಿ. ಇದನ್ನ ಫೋಟೋ ಅಷ್ಟ ತಕ್ಕೊಂತೀವಿ."

ಹೀಗೆಂದು ಅವರು ಅಪ್ಪನ ಮುಖವನ್ನು ತಿರುವಿಹಾಕಿದರು. ಹಿಂದುಗಡೆ ಇಷ್ಟು ಕಪ್ಪಾಗಿದೆಯಲ್ಲ ಎನ್ನುತ್ತ, ಜೇಬಿನಿಂದ ಕರವಸ್ತ್ರ ತೆಗೆದು, ಬಾಯಿಂದ ಉಸಿರು ಬಿಟ್ಟು, ಒರೆಸಲು ಕೈ ಇಟ್ಟರು.

"ಅಲ್ಲಿ ತಿಕ್ಕಬ್ಯಾಡ್ರಿ," ಅಂದೆ. ಅವರ ಕೈಯಿಂದ ಅಪ್ಪನನ್ನು ಕಸಿದುಕೊಂಡು ಒಳಗೆ ತಂದು ಅವನ ಜಾಗದಲ್ಲಿ ಕೂಡ್ರಿಸಿದೆ.